ದುಗ್ಗಣ್ಣನ ಗೇರು
ದೋಹಾದ ಮರಳ ದಿಬ್ಬಗಳಲ್ಲಿ ಪಂದ್ಯಕ್ಕಿಳಿಯುವ, ಹಿಮದ ಮೇಲೆ ಓಡಲೆಂದು ಮಾಡಿದ ಸ್ನೋಮೊಬೈಲು ಗಾಡಿಗಳನ್ನು ಅಣಿಗೊಳಿಸುವ ದುಗ್ಗಣ್ಣ ಹಿಮವನ್ನು ಫ್ರಿಜ್ಜಿನಲ್ಲಷ್ಟೇ ಕಂಡವನು. ಕ್ಲಚ್ಚಿನ ಸ್ಪ್ರಿಂಗನ್ನು ಕೂಸಿನ ನೆತ್ತಿಯಂತೆ ಮುಟ್ಟುತ್ತಾನೆ. ಕ್ಲಚ್ಚು ಹಿಡಿಯುವ ಸದ್ದು ಮನಸ್ಸಿಗೊಪ್ಪದಿದ್ದರೆ ಊಟಕ್ಕೂ ಏಳುವುದಿಲ್ಲ. ಗೇರಿನ ಮೇಲ್ಚಕ್ರಕ್ಕೆ ಹಲ್ಲು ಹೆಚ್ಚಿದ್ದಷ್ಟೂ ವೇಗ ಹೆಚ್ಚು. ಅವನು ಈಚೆಗೆ ಹಾಕುವುದು ಮಾತ್ರ ಯಾವಾಗಲೂ ಹಲ್ಲು ಕಡಿಮೆಯಿರುವ ಸಣ್ಣ ಚಕ್ರವನ್ನೇ. “ಮತ್ತೆ ಸೋತಾಯ್ತಲ್ಲ ದುಗ್ಗಣ್ಣ! ಈ ಶುಕ್ರವಾರವೂ ಹೀಗೇ ಆದ್ರೆ ನಿಮ್ಮ ವೀಸಾ ಖಲಾಸ್,” ಎಂದು ಫೋರ್‌ಮನ್ ಯಜ್ಞೇಶ್ ರೇಗಿದರೆ, “ಮರಳು ಹಿಡ್ಕೊಳ್ತದೆ ಮಾರಾಯ, ನಾನೆಂತ ಮಾಡುದು?” ಎಂದು ನಗುತ್ತಾನೆ. ಕಳೆದ ಚಳಿಗಾಲ ಅವನು ದೊಡ್ಡ ಚಕ್ರ ಹಾಕಿಕೊಟ್ಟ ಗಾಡಿ ದಿಬ್ಬದ ತುದಿಯಿಂದ ಹಾರಿ, ತನಿಯನೆಂಬ ಸವಾರ ಕತ್ತು ಮುರಿದು ಸತ್ತಿದ್ದ. ಈ ಶುಕ್ರವಾರ ಹೊಸ ಸವಾರ ಬಂದು, “ಇವತ್ತು ಗೆಲ್ಲಲೇಬೇಕು ಅಣ್ಣ,” ಎಂದ. ದುಗ್ಗಣ್ಣ ಸಣ್ಣ ಚಕ್ರವನ್ನೇ ಕೂರಿಸಿ, ಮುಚ್ಚಳ ಬಿಗಿದು, ಊರಿಗೆ ಒಯ್ಯುವ ಬಟ್ಟೆಬರೆ ಕಟ್ಟಿಕೊಳ್ಳಲು ಕೋಣೆಗೆ ನಡೆದ.