ಕಡಲ ಹಕ್ಕಿಯ ಹೊಟ್ಟೆಯ ಹುಳ

ಮೊನ್ನೆ ಸಂತೆಗೆ ಸೊಪ್ಪು ತರಲು ಹೋದವನು ಒಣಮೀನಿನ ಅಂಗಡಿ ಮುಂದೆ ಸುಮ್ಮನೆ ನಿಂತುಬಿಟ್ಟೆ. ನಾನು ಮೀನು ತಿನ್ನುವವನಲ್ಲ. ಮೀನು ಮಾರುವಾಕೆ ಎರಡು ಸಲ "ಏನ್ ಕೊಡ್ಲಣ್ಣ?" ಎಂದು ಕೇಳಿ, ಮೂರನೆಯ ಸಲ ಅನುಮಾನದಿಂದ ನೋಡಿದಳು. ಒಂದು ಹಕ್ಕಿ ನೆನಪಾಯಿತು ಎಂದು ಅವಳಿಗೆ ಹೇಳಲಾಗುತ್ತದೆಯೇ? ನಿಮಗೆ ಹೇಳಬಹುದು.

ಆ ಹಕ್ಕಿ ಬಂದಾಗ ನಾನು ಮಾಗಡಿ ತಾಲೂಕಿನ ಒಂದು ಪಶು ಆಸ್ಪತ್ರೆಯಲ್ಲಿ ಹೊಸ ಡಾಕ್ಟರು. ಗೊತ್ತಿಲ್ಲದ್ದು ಬಹಳ ಇತ್ತು. ಗೊತ್ತಿಲ್ಲ ಎಂದು ಹೇಳಲು ಮಾತ್ರ ಬರುತ್ತಿರಲಿಲ್ಲ. ಆಷಾಢದ ಗಾಳಿ ನಾಲ್ಕು ದಿನ ಬಿಡದೆ ಬೀಸಿದ ಮೇಲೆ ಒಂದು ಬೆಳಿಗ್ಗೆ ತಿಪ್ಪಸಂದ್ರದ ಕಡೆಯಿಂದ ಜಯಮ್ಮ ಎಂಬ ಹೆಂಗಸು ಮಂಕರಿ ಹೊತ್ತು ಬಂದರು. ಹೊಸಿಲು ದಾಟುವ ಮೊದಲೇ ಒಣಮೀನಿನ ವಾಸನೆ ಒಳಗೆ ಬಂತು.

ಮಂಕರಿಯೊಳಗೆ ಮೀನಲ್ಲ, ಕಂದುಬಣ್ಣದ ಹಕ್ಕಿ; ವಾಸನೆ ಅದರ ಮೈಯದ್ದೇ. ಬಾತಿನಂಥ ಜಾಲಪಾದ, ತುದಿ ಬಾಗಿದ ಕೊಕ್ಕು, ಕೊಕ್ಕಿನ ಮೇಲೆ ಕೊಳವೆಯಂಥ ಮೂಗು. ಕಾಲ ಮೇಲೆ ನಿಲ್ಲಲಾರದು. ಕಡಲೆಲ್ಲಿ, ಮಾಗಡಿಯೆಲ್ಲಿ ಎನ್ನುತ್ತೀರಿ. ನೀರಿನ ಮೇಲೆಯೇ ಬದುಕಿ ದೇಶದೇಶ ಸುತ್ತುವ ಹಕ್ಕಿಗಳನ್ನು ಮುಂಗಾರಿನ ಗಾಳಿ ಕೆಲವು ಸಲ ಒಳನಾಡಿಗೆ ಎಸೆಯುತ್ತದಂತೆ. ಇದು ಬಿದ್ದದ್ದು ಜಯಮ್ಮನ ಹಿಪ್ಪುನೇರಳೆ ತೋಟದಲ್ಲಿ.

ರೇಷ್ಮೆಹುಳು ಸಾಕುವ ಅವರಿಗೆ ಹಕ್ಕಿಗಿಂತ ದೊಡ್ಡ ಚಿಂತೆ ಬೇರೆ ಇತ್ತು. "ರಾತ್ರಿ ಹುಳದ ಮನೇಲೇ ಮಡಗಿದ್ದೆ ಡಾಕ್ಟ್ರೇ. ಬೆಳಗ್ಗೆ ನೋಡಿದ್ರೆ ಪುಕ್ಕದೊಳಗಿಂದ ನೊಣ ಬತ್ತಾ ಐತೆ. ಊಜಿ ಏನಾರ ಆಗಿದ್ರೆ ನನ್ ಹುಳ ಉಳೀತವಾ? ಇನ್ನೇನು ಗೂಡು ಕಟ್ಟೋಕ್ ಬಂದವೆ."

ಊಜಿ ನೊಣ ರೇಷ್ಮೆಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ. ಮರಿ ಒಳಗೆ ಹೊಕ್ಕು ಹುಳುವನ್ನೇ ತಿನ್ನುತ್ತದೆ. ಅಷ್ಟು ಗೊತ್ತಿತ್ತು. ಹಕ್ಕಿಯ ನೊಣದ ವಿಷಯ ಗೊತ್ತಿರಲಿಲ್ಲ. ಗಂಭೀರವಾಗಿ "ನೋಡೋಣ" ಎಂದೆ.

ನೋಡಿದವರು ನಮ್ಮ ಅಟೆಂಡರ್ ರಹಮತ್ ಸಾಬರು. ರಾಮನಗರದ ನೂಲು ಬಿಚ್ಚುವ ಮನೆತನ. ಗೂಡಿನ ರಾಶಿಯಲ್ಲೇ ಬೆಳೆದವರು. ಪುಕ್ಕ ಬಿಡಿಸಿ ನೊಣವನ್ನು ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ತಂದರು. "ಊಜಿ ಅಲ್ಲಮ್ಮ. ಅದಕ್ಕೆ ಬೆನ್ನ ಮ್ಯಾಲೆ ಗೆರೆ ಇರ್ತಾವೆ. ಇದು ನೋಡಿ, ಚಪ್ಪಟೆ, ಏಡಿ ಥರ ಅಡ್ಡಡ್ಡ ಓಡ್ತೈತೆ. ಹಕ್ಕಿ ರಕ್ತ ಬುಟ್ಟು ಬೇರೇನೂ ಬೇಡ ಇದಕ್ಕೆ."

ಜಯಮ್ಮ ಉಸಿರು ಬಿಟ್ಟು, ಮೊದಲ ಸಲ ಹಕ್ಕಿಯ ಕಡೆ ಸರಿಯಾಗಿ ನೋಡಿದರು. "ಹಂಗಾರೆ ಇದನ್ನ ಉಳಿಸಿಕೊಡಿ."

ಹಕ್ಕಿ ಹಾಕಿದ್ದ ಹಿಕ್ಕೆಯಲ್ಲಿ ಅಕ್ಕಿಕಾಳಿನಂಥ ತುಣುಕುಗಳಿದ್ದವು. ಲಾಡಿಹುಳು! ಕಾಲೇಜಿನಲ್ಲಿ ಓದಿದ್ದು ಕಣ್ಣೆದುರಿಗೇ ಸಿಕ್ಕ ಸಂತೋಷದಲ್ಲಿ ಜಂತಿನ ಔಷಧಿ ತೆಗೆದೆ. ರಹಮತ್ ಸಾಬರು ಮೆಲ್ಲಗೆ, "ಸಾರ್, ಮೊದ್ಲು ಒಸಿ ಮೀನು ತಂದು ತಿನ್ನಿಸಾಣ. ಹುಳ ಎಲ್ಲಿಗೋಯ್ತವೆ?" ಎಂದರು. ಡಾಕ್ಟರು ನಾನೋ ಅವರೋ? ಕೋಳಿಗೆ ಕೊಡುವ ಲೆಕ್ಕದಲ್ಲಿ ಕುಡಿಸಿದೆ.

ಮಧ್ಯಾಹ್ನದ ಹೊತ್ತಿಗೆ ಹಕ್ಕಿ ಸತ್ತಿತು. ಕೊಯ್ದು ನೋಡಿದೆವು. ಎದೆಯಲ್ಲಿ ಮಾಂಸವೇ ಇರಲಿಲ್ಲ, ಮೂಳೆ ಚಾಕುವಿನ ಅಲಗಿನಂತೆ ಎದ್ದಿತ್ತು. ಕರುಳಲ್ಲಿ ಲಾಡಿಹುಳು, ಜಠರದ ಗೋಡೆಗೆ ಕಚ್ಚಿಕೊಂಡ ದುಂಡುಹುಳು, ಪುಕ್ಕದ ಬುಡದಲ್ಲಿ ಹೇನು. ಆಹಾರ ಎನ್ನುವುದು ಒಂದು ಚೂರೂ ಇಲ್ಲ. ಆ ಹುಳುಗಳೆಲ್ಲ ಅದರೊಂದಿಗೆ ಬಹುಕಾಲದಿಂದ ಇದ್ದವು. ಗಾಳಿ ಬೀಸಿದ ನಾಲ್ಕು ದಿನ ಇಲ್ಲದೆ ಹೋದದ್ದು ಊಟ. ಅಂಥ ಮೈಗೆ ನಾನು ಔಷಧಿ ಹಾಕಿದ್ದೆ.

ಹೊರಗೆ ಕಾಯುತ್ತಿದ್ದ ಜಯಮ್ಮನಿಗೆ, "ಹೊಟ್ಟೆ ತುಂಬ ಹುಳ. ಅದಕ್ಕೇ ಹೋಯ್ತು" ಎಂದೆ. ಅವರು ಏನೋ ಕೇಳಲು ಬಾಯಿ ತೆರೆದು, ಮುಚ್ಚಿ, ಖಾಲಿ ಮಂಕರಿ ಎತ್ತಿಕೊಂಡು ಹೋದರು. ರಹಮತ್ ಸಾಬರು ಟ್ರೇ ತೊಳೆದರು. ನಿವೃತ್ತನಾಗುವವರೆಗೆ ನಾನು ಬಡಕಲು ಪ್ರಾಣಿಗೆ ಹೊಟ್ಟೆಗೆ ಹಾಕದೆ ಜಂತಿನ ಔಷಧಿ ಕೊಟ್ಟವನಲ್ಲ. ಕಾರಣವನ್ನು ಯಾರಿಗೂ ಹೇಳಿದವನೂ ಅಲ್ಲ.

ಸಂತೆಯಿಂದ ಬಂದ ಮಾರನೆಯ ದಿನ ಬಸ್ಸು ಹತ್ತಿ ತಿಪ್ಪಸಂದ್ರಕ್ಕೆ ಹೋದೆ. ಜಯಮ್ಮನ ತಲೆ ಪೂರ್ತಿ ನರೆತಿದೆ. ಈಗಲೂ ಹುಳ ಸಾಕುತ್ತಾರೆ. ಗುರುತು ಹೇಳಿಕೊಂಡು ಜಗಲಿಯ ಮೇಲೆ ಕೂತು ಎಲ್ಲ ಒಪ್ಪಿಸಿದೆ. "ಹುಳ ಅಲ್ಲಮ್ಮ, ನನ್ನ ಔಷಧಿ."

ಅವರು ಸೊಪ್ಪು ಹೆಚ್ಚುತ್ತಿದ್ದ ಕೈ ನಿಲ್ಲಿಸಿದರು. "ಅಯ್ಯೋ ಡಾಕ್ಟ್ರೇ, ಆವತ್ತು ರಾತ್ರಿ ಹಸ್ದೈತೆ ಅಂತ ಬಾಯಿ ಬಿಡಿಸಿ ಒಂದು ಲೋಟ ರಾಗಿ ಅಂಬಲಿ ಹುಯ್ದಿದ್ದೆ. ಅರ್ಧ ಮೂಗಿಂದ ಆಚೆ ಬಂತು. ಬೈತೀರಿ ಅಂತ ಹೇಳ್ಲಿಲ್ಲ. ಇಷ್ಟ್ ವರ್ಸ ನಾನೇ ಸಾಯಿಸ್ದೆ ಅನ್ಕಂಡಿದ್ದೆ."

ಉಳಿದರ್ಧ ಹೊಟ್ಟೆಯ ಬದಲು ಶ್ವಾಸಕೋಶಕ್ಕೆ ಇಳಿದಿರಬೇಕು; ಆವತ್ತು ನಾನು ಅದನ್ನು ಕೊಯ್ದು ನೋಡಿರಲಿಲ್ಲ. ನನ್ನ ಸುಳ್ಳು ಅವರಿಗೆ ಸಮಾಧಾನವನ್ನಾದರೂ ಕೊಟ್ಟಿತ್ತು ಎಂದುಕೊಂಡಿದ್ದೆ. ಅದೂ ಕೊಟ್ಟಿರಲಿಲ್ಲ.

ಜಯಮ್ಮ ಮತ್ತೆ ಸೊಪ್ಪು ಕೈಗೆತ್ತಿಕೊಂಡರು. "ಹಂಗಾರೆ ಇಬ್ರೂ ಸೇರಿ ಸಾಯಿಸಿದ್ವಿ ಬುಡಿ. ಪಾಪ, ಸುಮ್ಕೆ ಆ ಹುಳಗಳ ಮ್ಯಾಲೆ ಹಾಕ್ಬುಟ್ರಲ್ಲ."