ಹಿಂದಕ್ಕೆ ಹತ್ತಿದ ಕಣ್ಣೀರು

ಸುದ್ದಿವಾಹಿನಿಯ ಎಡಿಟಿಂಗ್ ಕೋಣೆಯಲ್ಲಿ ಎಲ್ಲರೂ ಅವಳನ್ನು ಕತ್ತರಿ ಅಕ್ಕ ಎಂದೇ ಕರೆಯುತ್ತಿದ್ದರು. ನಿರೂಪಕ ಮಾತಾಡುವಾಗ ಅವನ ಬೆನ್ನ ಹಿಂದೆ ಒಂದೇ ದೃಶ್ಯ ಮತ್ತೆ ಮತ್ತೆ ಓಡುತ್ತದಲ್ಲ, ಅದನ್ನು ಜೋಡಿಸುವುದು ಅವಳ ಕೆಲಸ. ಕೊನೆಯ ಚಿತ್ರ ಮೊದಲನೆಯದಕ್ಕೆ ಹೊಂದದಿದ್ದರೆ ಸುತ್ತು ಸುತ್ತಿಗೂ ದೃಶ್ಯ ಬಿಕ್ಕಳಿಸಿದ ಹಾಗೆ ಜಿಗಿಯುತ್ತದೆ. ಅವಳ ಕೈಯಲ್ಲಿ ಮಾತ್ರ ಉರಿಯುವ ಗೋದಾಮು, ಉಕ್ಕುವ ಹೊಳೆ ಎಲ್ಲವೂ ಎಣ್ಣೆ ಬಿಟ್ಟ ಚಕ್ರದಂತೆ ತಿರುಗುತ್ತಿದ್ದವು. ಹೊಲಿಗೆ ಎಲ್ಲಿದೆಯೆಂದು ಹುಡುಕಿದರೂ ಸಿಗುತ್ತಿರಲಿಲ್ಲ.

ಒಂದು ಮಧ್ಯಾಹ್ನ, ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅಳುವ ತಾಯಿಯೊಬ್ಬಳ ದೃಶ್ಯ ಬಂತು. ಕಟ್ಟಡ ಕುಸಿದು ಮಗಳು ಸತ್ತಿದ್ದಳು. ಸುದ್ದಿ ಮುಖ್ಯಸ್ಥ ಟೀ ಲೋಟ ಹಿಡಿದುಕೊಂಡೇ ಒಳಬಂದ.

“ಅಕ್ಕಾ, ಇದನ್ನ ಬೇಗ ಲೂಪ್ ಮಾಡ್ಕೊಡಿ. ಬೇರೆಯವರು ಮಾಡಿದ್ರು, ಅಳು ತುಂಡು ತುಂಡಾಗ್ತಿದೆ. ಅಸಹ್ಯ.”

ಅಸಹ್ಯ! ಆ ಮಾತು ಅವಳ ಕಿವಿಯಲ್ಲಿ ಕಸದಂತೆ ಕೂತಿತು.

ದೃಶ್ಯ ಚಿಕ್ಕದಿತ್ತು. ತಾಯಿ ಗೋಡೆಗೆ ತಲೆಯಾನಿಸಿ ಬಾಯಿ ತೆರೆದು ಅಳುತ್ತಾಳೆ. ಅಷ್ಟರಲ್ಲಿ ನೆರೆಯ ಹೆಂಗಸೊಬ್ಬಳು ಬಂದು ಕ್ಯಾಮೆರಾಕ್ಕೆ ಅಂಗೈ ಅಡ್ಡ ಹಿಡಿಯುತ್ತಾಳೆ. ಅಂಗೈ ಬರುವ ಮೊದಲೇ ಕತ್ತರಿಸಬೇಕಿತ್ತು. ಆದರೆ ಅಲ್ಲಿ ಕತ್ತರಿಸಿದರೆ ತಲೆ ಜಿಗಿಯುತ್ತಿತ್ತು. ಹಾಗಾಗಿ ತನಗೆ ಗೊತ್ತಿದ್ದ ಹಳೆಯ ಉಪಾಯವನ್ನೇ ಮಾಡಿದಳು: ಮೊದಲು ಮುಂದಕ್ಕೆ ಓಡಿಸಿ, ಆಮೇಲೆ ಅದನ್ನೇ ಹಿಂದಕ್ಕೆ ಓಡಿಸುವುದು. ಜೋಡಣೆ ಬೆಣ್ಣೆಯಂತೆ ಬಂತು. ಬರೀ ಒಂದು ತೊಂದರೆ: ಹಿಂದಕ್ಕೆ ಓಡುವಾಗ ಕೆನ್ನೆಯ ಮೇಲಿನ ನೀರು ಮೇಲಕ್ಕೆ ಹತ್ತಿ ಕಣ್ಣೊಳಗೆ ಹೋಗುತ್ತಿತ್ತು. ಕತ್ತರಿ ಅಕ್ಕ ಅದನ್ನು ಮುಖ್ಯಸ್ಥನಿಗೆ ತೋರಿಸಿದಳು.

“ವಾಹ್! ಯಾರಿಗೂ ಗೊತ್ತಾಗಲ್ಲ ಬಿಡಿ,” ಎಂದ ಮುಖ್ಯಸ್ಥ.

ಸಂಜೆ ಮನೆಗೆ ಬಂದಾಗ ಅತ್ತೆ ಟಿವಿ ಮುಂದೆ ಬೀನ್ಸ್ ಮುರಿಯುತ್ತಾ ಕೂತಿದ್ದರು.

“ಅಯ್ಯೋ, ಆಗಿನಿಂದ ಅಳ್ತಾನೇ ಇದಾಳೆ ಕಣೇ. ಸಮಾಧಾನ ಮಾಡೋಕೆ ಒಬ್ಬರೂ ದಿಕ್ಕಿಲ್ವೇನೇ ಅವಳಿಗೆ?”

ಅವಳು ಅನ್ನದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಆ ಮುಖ್ಯಸ್ಥನ ಮೇಲೆ ಬಂದ ಹೇಸಿಗೆಗಿಂತ, ಅವನ ‘ವಾಹ್’ ಕೇಳಿ ಒಂದು ಕ್ಷಣ ಹಿಗ್ಗಿದ ತನ್ನ ಮೇಲೇ ಅವಳಿಗೆ ಹೆಚ್ಚು ಹೇಸಿಗೆಯಾಯಿತು.

ಮರುದಿನ ಹೋದವಳೇ ದೃಶ್ಯವನ್ನು ಅಂಗೈವರೆಗೆ ಬಿಟ್ಟು ಹೊಸದಾಗಿ ಕತ್ತರಿಸಿಕೊಟ್ಟಳು.

“ಇದೇನಕ್ಕಾ, ಕೈ ಅಡ್ಡ ಬಂದು ನಿಂತೇಹೋಯ್ತಲ್ಲ?” ಎಂದ ಮುಖ್ಯಸ್ಥ.

“ಆ ನೆರೆಯವರು ಸಾಕು ಅಂತ ಕೈ ಹಿಡಿದ್ರು. ಅಲ್ಲಿಗೆ ಮುಗೀತು.”

“ಮುಗಿದ್ರೆ ಜನ ಚಾನೆಲ್ ಬದಲಾಯಿಸ್ತಾರೆ. ನಿನ್ನೆದೇ ಹಾಕಿ.”

“ನೀವೇ ಹಾಕ್ಕೊಳ್ಳಿ. ನನ್ನ ಕೈಲಿ ಆಗಲ್ಲ.”

ಅವನು ಹಾಕಿಕೊಂಡ. ವಾರವಿಡೀ ಅದು ಓಡಿತು. ತಾನೇ ಜೋಡಿಸಿದ್ದನ್ನು ನಿಲ್ಲಿಸುವ ಅಧಿಕಾರ ಅವಳಿಗಿರಲಿಲ್ಲ. ಕೆಲಸ ಬಿಡುವ ಅಧಿಕಾರವಿತ್ತು, ಬಿಟ್ಟಳು. “ಗಂಜಿಗೆ ಕಲ್ಲು ಹಾಕ್ಕೊಂಡ್ಯಲ್ಲೇ,” ಎಂದು ಗಂಡ ಗೊಣಗಿದ. ಅತ್ತೆ ಮಾತ್ರ ಎದ್ದು ಟಿವಿ ಆರಿಸಿದರು.

ಈಗ ಅವಳು ಟಿವಿ ಮಾರುವ ಅಂಗಡಿಗಳಿಗೆ ಮೀನು, ಮೋಡಗಳ ದೃಶ್ಯ ಜೋಡಿಸಿ ಕೊಡುತ್ತಾಳೆ. ಸಪ್ಪೆ ಕೆಲಸ. ಮೊನ್ನೆ ಹಳೆಯ ಸಹೋದ್ಯೋಗಿ ಫೋನ್ ಮಾಡಿ, “ಅಕ್ಕಾ, ಆವತ್ತು ಅಷ್ಟು ನೀಟಾಗಿ ಹೇಗೆ ಕೂಡಿಸಿದ್ರಿ? ಸ್ವಲ್ಪ ಹೇಳ್ಕೊಡಿ,” ಎಂದ.

“ಮರೆತೇಹೋಯ್ತು ಕಣಪ್ಪ,” ಎಂದು ಫೋನ್ ಇಟ್ಟಳು. ಒಂದು ಚೂರೂ ಮರೆತಿರಲಿಲ್ಲ.