ಹಿಮ ಕಾಣದವನ ಎರಡು ಪುಟ

ಮೋನಪ್ಪ ಹಿಮ ಕಂಡವನೇ ಅಲ್ಲ. ಕುವೈತಿಗೆ ಬಂದ ಇಪ್ಪತ್ತಾರು ವರ್ಷಗಳಲ್ಲಿ ಅವನು ಕಂಡದ್ದು ಅಹ್ಮದಿಯ ಮಣ್ಣುಪರೀಕ್ಷೆಯ ಲ್ಯಾಬು, ಅಬು ಹಲೀಫಾದ ಎರಡು ಕೋಣೆಯ ಫ್ಲ್ಯಾಟು, ನಡುವೆ ಕಂಪನಿ ಬಸ್ಸು. ಹೇಳಿದ ಮಣ್ಣು ಜರಡಿ ಹಿಡಿಯುವುದು, ತೂಗುವುದು, ಬಾಯಿ ಮುಚ್ಚಿಕೊಂಡಿರುವುದು, ಇಷ್ಟೇ ಅವನ ಕೆಲಸ.

ಆ ವರ್ಷ ಅವನ ಕಂಪನಿ ದೂರದ ಚಳಿದೇಶವೊಂದರಲ್ಲಿ ಗೋಧಿ ಬೆಳೆಯಲು ಇಳಿಜಾರು ಭೂಮಿ ಕೊಂಡಿತು. ಹಿಮ ಕರಗುವಾಗ ಎಷ್ಟು ಮಣ್ಣು ಕೊಚ್ಚಿಹೋದೀತೆಂದು ಮೊದಲೇ ಹೇಳಬೇಕಿತ್ತು. ಲೆಕ್ಕಕ್ಕೆ ಕೂತವನು ಎಂಜಿನಿಯರ್ ಇವಾನ್, ಮೋನಪ್ಪನ ಹಾಗೆ ಮಂಗಳೂರಿನವನೇ, ಅವನಿಗಿಂತ ಇಪ್ಪತ್ತು ವರ್ಷ ಚಿಕ್ಕವನು. ಅವನ ಕಂಪ್ಯೂಟರು ಮಳೆಯ ಅಂಕಿಯನ್ನಷ್ಟೇ ಕೇಳಿತು. ಅಲ್ಲಿ ಮಳೆ ಕಡಿಮೆ, ಆದ್ದರಿಂದ ಅಪಾಯವೂ ಕಡಿಮೆ ಎಂದುಬಿಟ್ಟಿತು.

ಮೋನಪ್ಪನಿಗೆ ಸಮಾಧಾನವಾಗಲಿಲ್ಲ. ಅಲ್ಲಿಂದ ಬಂದ ಮಣ್ಣನ್ನು ಟ್ರೇಗೆ ತುಂಬಿ, ನೀರು ಕುಡಿಸಿ, ಮನೆಯ ಫ್ರೀಜರಿನಲ್ಲಿ ಬಂಗುಡೆಯ ಪಕ್ಕ ಇಟ್ಟ.

"ಮೀನಿನೊಟ್ಟಿಗೆ ಮಣ್ಣು ಇಡುವುದಾ? ನಿಮಗೆ ಎಂತ ಆಗಿದೆ ಮಾರಾಯ್ರೆ?" ಎಂದು ಹೆಂಡತಿ ಉಮಾವತಿ ರೇಗಿದಳು.

ಮೂರು ದಿನದ ಮೇಲೆ ಟ್ರೇಯನ್ನು ಸಿಂಕಿನಲ್ಲಿ ಓರೆಯಾಗಿ ನಿಲ್ಲಿಸಿ, ಫ್ರೀಜರಿನ ಗೋಡೆಯಿಂದ ಕೆರೆದ ಮಂಜನ್ನು ಅದರ ಮೇಲೆ ಹರಡಿದ. ಮೇಲ್ಮಣ್ಣು ಅಂಬಲಿಯಾಯಿತು, ಅಡಿಯದು ಇನ್ನೂ ಕಲ್ಲು. ಇಂಗಲು ಜಾಗವಿಲ್ಲದ ನೀರು ಮಣ್ಣನ್ನೇ ಎಳೆದುಕೊಂಡು ಇಳಿಯಿತು. ಏಳು ಸಲ ಮಾಡಿದ, ಏಳು ಸಲವೂ ಅದೇ. ಬದುಕಿನಲ್ಲಿ ಮೊದಲ ಬಾರಿ ಸ್ವಂತ ಬುದ್ಧಿಯಿಂದ ಎರಡು ಪುಟ ಬರೆದ: ಚಳಿಗಾಲಕ್ಕೆ ಮುನ್ನ ಇಳಿಜಾರನ್ನು ಉಳಬೇಡಿ, ಕೊಯ್ದ ಪೈರಿನ ಕೂಳೆ ಹಾಗೇ ಬಿಡಿ, ಇಲ್ಲವಾದರೆ ಹಿಮದ ಜೊತೆ ಹೊಲವೂ ಹೋಗುತ್ತದೆ.

"ನೀವು ಸ್ನೋ ನೋಡಿದ್ದೀರಾ ಮೋನಪ್ಪಣ್ಣ?" ಎಂದು ಇವಾನ್ ನಕ್ಕ.

"ಇಲ್ಲ. ಮಣ್ಣು ನೋಡಿದ್ದೇನೆ."

ಲ್ಯಾಬಿಗೆ ಲ್ಯಾಬೇ ನಕ್ಕಿತು. ಹಿತ್ತಲ ಗಿಡ ಮದ್ದಲ್ಲವಲ್ಲ! ಎರಡು ಪುಟವೂ ಫೈಲಿನ ತಳ ಸೇರಿದವು; ಚಳಿಗಾಲಕ್ಕೆ ಮುನ್ನ ಇಳಿಜಾರನ್ನು ಉತ್ತೇಬಿಟ್ಟರು.

ಏಪ್ರಿಲ್‌ನಲ್ಲಿ ಅಲ್ಲಿಂದ ಫೋಟೋಗಳು ಬಂದವು. ಹೊಲದಲ್ಲಿ ಆಳೆತ್ತರದ ಕೊರಕಲು, ಕೆಳಗಿನ ಹಳ್ಳಿಯ ಬಾವಿಗಳ ತುಂಬ ಕೆಸರು. ಮೋನಪ್ಪನಿಗೆ ಮೊದಲು ಹೆಮ್ಮೆಯೆನಿಸಿತು. ಹಾಗೆನಿಸಿದ್ದಕ್ಕೆ ಆಮೇಲೆ ನಾಚಿಕೆಯಾಯಿತು.

ಮರುದಿನ ಇವಾನ್ ಅವನನ್ನು ಕೋಣೆಗೆ ಕರೆದು ಚಹಾ ತರಿಸಿದ. ಇಷ್ಟು ವರ್ಷದಲ್ಲಿ ಆ ಕೋಣೆಯ ಚಹಾ ಅದೇ ಮೊದಲು.

"ಯಾರಿಗೂ ಮೊದಲೇ ಗೊತ್ತಾಗ್ಲಿಕ್ಕೆ ಸಾಧ್ಯ ಇರ್ಲಿಲ್ಲ ಅಂತಾದ್ರೆ ಮಾತ್ರ ಇನ್ಶೂರೆನ್ಸ್ ಸಿಗುವುದು. ಹಾಗಂತ ಒಂದು ಸೈನ್ ಹಾಕಿ. ಆ ಎರಡು ಪೇಜು ಖಲಾಸ್." ತುಸು ತಡೆದು ಕೇಳಿದ, "ನಿಮ್ಮ ಇಕಾಮಾ ಮುಂದಿನ ತಿಂಗಳು ಮುಗಿಯುತ್ತದೆ ಅಲ್ವಾ?"

ಮಗಳು ಅನ್ವಿತಾಳ ಹನ್ನೆರಡನೇ ಕ್ಲಾಸು ಆಗಷ್ಟೇ ಶುರುವಾಗಿತ್ತು. ಇಕಾಮಾ, ಅಂದರೆ ಕುವೈತಿನಲ್ಲಿ ಇರಲು ಕಂಪನಿ ಮಾಡಿಸಿಕೊಡುವ ಪರವಾನಗಿ, ಹೋದರೆ ಅವಳ ಶಾಲೆಯೂ ಹೋಗುತ್ತದೆ. ತನ್ನ ಜೀವಮಾನದ ಒಂದೇ ಒಂದು ಸರಿಯಾದ ಮಾತನ್ನು ತಾನು ಆಡಿಯೇ ಇಲ್ಲವೆಂದು ಮೋನಪ್ಪ ಸಹಿ ಹಾಕಿದ.

ಇವಾನ್ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡ. "ಈಗ ಈ ವರ್ಷ ಎಲ್ಲಿ ಉಳಬೇಕು, ಎಲ್ಲಿ ಬಿಡಬೇಕು ಅಂತ ಹೇಳಿ. ಬರೀಬೇಡಿ, ಬಾಯಲ್ಲೇ ಸಾಕು."

ಆ ಮುಖಕ್ಕೆ ಚಹಾ ಎರಚಬೇಕೆನಿಸಿತು. ಆದರೆ ಆ ಹಳ್ಳಿಯವರು ಮತ್ತೆ ಕೆಸರು ಕುಡಿಯಬೇಕೇ? ಮೋನಪ್ಪ ಒಂದೊಂದೇ ಇಳಿಜಾರಿನ ವಿಷಯ ಬಿಡಿಸಿ ಹೇಳಿದ. ಇವಾನ್ ಅದನ್ನೆಲ್ಲ ತನ್ನ ಹೆಸರು ಬರೆದಿದ್ದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ.